ಗಲಾಟೆ ಹೂವಿನ ಯಜಮಾನರು

ಕೈಗುಣ ಎಂಬುದೊಂದು ಇದೆಯೆಂದು ನಾನು ನಂಬುತ್ತೇನೆ. ಕೆಲವರು ಒಣಕಡ್ಡಿಯನ್ನು ಮಣ್ಣಿಗೆ ಚುಚ್ಚಿ ಮರೆತುಬಿಟ್ಟರೂ ಅದು ಚಿಗುರಿಕೊಳ್ಳುತ್ತದೆ. ನಾನು ನರ್ಸರಿಯಿಂದ ಮೈತುಂಬ ಮೊಗ್ಗಿರುವ ಗಿಡವನ್ನೇ ಆರಿಸಿ ತಂದರೂ ಅದು ನಮ್ಮ ಬಾಲ್ಕನಿಗೆ ಕಾಲಿಟ್ಟ ವಾರದೊಳಗೆ ಯಾವ ಜನ್ಮದ ಪಾಪವೋ ಎನ್ನುವಂತೆ ತಲೆ ಬಾಗಿಸಿ ನಿಲ್ಲುತ್ತದೆ. ಬೇರೆಯವರ ಮನೆಯಲ್ಲಿ ಗಿಡಗಳು ಅಲಕ್ಷ್ಯದಿಂದ ಸಾಯುತ್ತವೆ, ನನ್ನವು ಉಪಚಾರದಿಂದ ಸಾಯುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಚೊಂಬು ನೀರು, ತಿಂಡಿಯಾದ ಮೇಲೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಬಿಸಿಲು ನೋಡಿ ಮನಸ್ಸು ತಡೆಯದೆ ಇನ್ನೊಂದು ಚೊಂಬು. ದೊಡ್ಡಪತ್ರೆ ಯಾರ ಮನೆಯಲ್ಲಾದರೂ ಬದುಕುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದೂ ಬುಡ ಕೊಳೆತು ಹೋಯಿತು. ಅಂದು ನಮ್ಮ ಯಜಮಾನರು ಬಾಲ್ಕನಿಗೆ ಬಂದು, ಮೂರು ಮಹಡಿ ಕೆಳಗಿದ್ದ ವಾಚ್‌ಮನ್‌ಗೂ ಕೇಳುವಂತೆ, ಊರಲ್ಲಿ ಕೆರೆ ಒಡೆದು ಬೆಳೆ ಹಾಳಾಗಿದ್ದು ನೋಡಿದ್ದೇನೆ, ಚೊಂಬು ಒಡೆದು ಹಾಳಾಗಿದ್ದು ಇದೇ ಮೊದಲು ಎಂದು ಘೋಷಿಸಿದರು.

ಇವರ ಗಂಟಲಿನ ಬಗ್ಗೆ ಒಂದು ಮಾತು ಹೇಳಬೇಕು. ಇವರ ಹೆಸರು ವೀರಭದ್ರಪ್ಪ. ದಾವಣಗೆರೆ ಕಡೆಯಿಂದ ಬಂದು ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್ ಆದವರು. ದಿನವಿಡೀ ಪ್ರೆಸ್ಸುಗಳು ತಗಡನ್ನು ಬಡಿಯುವ ಸದ್ದನ್ನು ಮೀರಿ ಮಾತಾಡಿ ಮಾತಾಡಿ, ಮನೆಗೆ ಬಂದ ಮೇಲೂ ಉಪ್ಪು ಕೇಳಿದರೆ ಹಿಂದೆ ಬರುತ್ತಿರುವ ಲಾರಿಯನ್ನು ನಿಲ್ಲಿಸುವಂತೆ ಕೇಳುತ್ತಿದ್ದರು. ಅದರ ಜೊತೆಗೆ ತಕರಾರು ತೆಗೆಯುವ ಸ್ವಭಾವ. ಸೊಪ್ಪಿನವರ ಜೊತೆ, ಬಸ್ ಕಂಡಕ್ಟರರ ಜೊತೆ, ಯಾರೂ ಸಿಗದ ದಿನ ಟಿವಿಯಲ್ಲಿ ವಾರ್ತೆ ಓದುವ ಹುಡುಗಿಯ ಜೊತೆ. ನಮಗೆ ಮಕ್ಕಳಿಲ್ಲ. ಇದ್ದವರು ಇಬ್ಬರೇ. ಆದರೂ ನಮ್ಮ ಮನೆ ಸದಾ ನೆಂಟರು ತುಂಬಿದ ಮದುವೆ ಮನೆಯಂತಿರುತ್ತಿತ್ತು. ನಾನು ಪರದೆಗೆ ನೀಲಿ ಬಣ್ಣ ಎಂದರೆ ಇವರು ಹಸಿರು. ನಾನೂ ಸೋತು ಹಸಿರು ಎಂದರೆ, ನೀಲಿಗೆ ಏನಾಗಿತ್ತು ಎನ್ನುವರು. ಯಾವ ವಿಷಯಕ್ಕೂ ಒಂದೇ ಮಾತಿಗೆ ‘ಆಯ್ತು’ ಎಂದವರಲ್ಲ. ಮದುವೆಯಾದ ಹೊಸತರಲ್ಲಿ ಇದಕ್ಕಾಗಿ ಅಳುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ಅದಾದ ಮೇಲೆ, ನಿಜ ಹೇಳಬೇಕೆಂದರೆ, ಇವರು ಊರಿಗೆ ಹೋದ ದಿನ ಊಟ ಸೇರುತ್ತಿರಲಿಲ್ಲ.

ನನ್ನ ಕೈಗುಣದ ಸುದ್ದಿ ರಾಣೆಬೆನ್ನೂರಿನಲ್ಲಿರುವ ನನ್ನ ಅಕ್ಕ ಗಿರಿಜಕ್ಕನಿಗೂ ಮುಟ್ಟಿತ್ತು. ಒಮ್ಮೆ ಅವಳು ಹಳೆಯ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಒಂದಿಷ್ಟು ಬೀಜ ಕಳಿಸಿದಳು. ಅವು ಗಲಾಟೆ ಹೂವಿನ ಬೀಜ. ನಮ್ಮ ಕಡೆ ದಸರೆ ಬಂತೆಂದರೆ ಚೆಂಡು ಹೂವಿನ ಪಕ್ಕದಲ್ಲಿ ರಾಶಿ ಹಾಕಿ ಮಾರುವ ಹೂವು ಅದು. ಸೇವಂತಿಗೆಯ ಬಡ ನೆಂಟ ಎನ್ನಬಹುದು. ನಡುವೆ ಕೆಂಪು, ಅಂಚಿಗೆ ಹಳದಿ, ಒರಟು ಎಲೆ. ಯಾವುದೋ ಪರದೇಶದ ಬಯಲಿನಲ್ಲಿ ತಾನೇ ಬೆಳೆದುಕೊಂಡಿದ್ದ ಗಿಡವಂತೆ. ಅದರ ನಿಜವಾದ ಹೆಸರು ಗೆಲಾರ್ಡಿಯಾ. ಆ ಹೆಸರು ನಮ್ಮ ಕಡೆಯವರ ಬಾಯಿಗೆ ಸಿಕ್ಕಿ ಗಲಾಟೆಯಾಯಿತು. ಅಕ್ಕ ಫೋನಿನಲ್ಲಿ ಹೇಳಿದಳು: “ನಿನ್ನ ಕೈಯಾಗ ಸಾಯದಂಥಾ ಗಿಡ ಅಂದ್ರ ಇದೊಂದ ನೋಡವಾ. ಮಳಿ ಇಲ್ದ ಹಾದಿ ಬದೀಗೂ ಬೆಳೀತೈತಿ. ನೀ ಏನೂ ಮಾಡಬ್ಯಾಡ, ಸುಮ್ಮನಿರು.” ಸುಮ್ಮನಿರುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದೆ.

ಬೀಜ ಬಂದ ದಿನವೇ ಅದನ್ನು ಎಲ್ಲಿ ಹಾಕಬೇಕೆಂಬ ವಾದ ಶುರುವಾಯಿತು. ಕಣ್ಣೆದುರಿಗಿರಲಿ, ಬಾಲ್ಕನಿಯಲ್ಲಿ ಎಂದು ನಾನು. ಬಾಲ್ಕನಿಗೆ ಬಿಸಿಲೆಲ್ಲಿದೆ, ತಾರಸಿಯ ಮೇಲೆ ಎಂದು ಇವರು. ಮಳೆಗಾಲವಿಡೀ ವಾದ ನಡೆಯಿತು. ಬೀಜ ಗಂಟಿನಲ್ಲೇ ಇತ್ತು. ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ, ತಾರಸಿಯ ಪರವಾಗಿ ಹೊಸದೊಂದು ಕಾರಣ ಕೊಡಲು ಬಾಯಿ ತೆರೆದವರು ಅರ್ಧಕ್ಕೇ ನಿಂತರು. ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ನಾನು ಮೊದಲು ನೆಲ ಒರೆಸಲು ಬಟ್ಟೆ ತಂದೆ ಎನ್ನುವುದು ಈಗಲೂ ನನಗೆ ಅರ್ಥವಾಗದ ವಿಷಯ. ಆಮೇಲೆ ಆಸ್ಪತ್ರೆ, ಐಸಿಯು, ಹೊರಗಿನ ಕಬ್ಬಿಣದ ಕುರ್ಚಿ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು.

ಎಷ್ಟೋ ದಿನಗಳ ಮೇಲೆ, ವಾರ್ಡಿನಲ್ಲಿ ನರ್ಸ್ ಬಂದು ಇಂಜೆಕ್ಷನ್ ಕೊಡ್ತೀನಿ ಅಂಕಲ್ ಎಂದಾಗ, ಇವರು ಸ್ಪಷ್ಟವಾಗಿ “ಆಯ್ತು” ಎಂದರು. ನಾನು ಕುರ್ಚಿಯಿಂದ ಎದ್ದು ನಿಂತೆ. ಮಾತು ಬಂತೆಂಬ ಸಂತೋಷ ಒಂದು ಕಡೆ, ಇದು ಇವರದೇ ಮಾತು ಹೌದೋ ಅಲ್ಲವೋ ಎಂಬ ಅನುಮಾನ ಇನ್ನೊಂದು ಕಡೆ. ಮರುದಿನವೂ ಅದೇ ಪದ, ಅದರ ಮರುದಿನವೂ ಅದೇ. ನೀರು ಬೇಕೆ ಎಂದರೆ ಆಯ್ತು, ಬೇಡವೆ ಎಂದರೂ ಆಯ್ತು. ಡಾಕ್ಟರು ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಮಾತುಗಳೆಲ್ಲ ಒಳಗೇ ಇರುತ್ತವೆ, ಹೊರಗೆ ಬರುವ ದಾರಿ ಮುಚ್ಚಿರುತ್ತದೆ, ಕೆಲವರಿಗೆ ಹೀಗೆ ಒಂದೇ ಒಂದು ಪದ ಉಳಿದುಕೊಳ್ಳುತ್ತದೆ, ಅದು ಯಾವುದೆಂದು ಯಾರೂ ಆರಿಸಿಕೊಳ್ಳುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಂಗಾರವನ್ನೆಲ್ಲ ಬಿಟ್ಟು ಪಕ್ಕದ ಮನೆಯವರ ಚಪ್ಪಲಿ ಹಿಡಿದುಕೊಂಡು ಓಡಿಬಂದವರ ಕತೆ ಕೇಳಿದ್ದೆ. ಇವರೂ ಹಾಗೆ, ತಾವೆಂದೂ ಬಳಸದ ಪದವನ್ನೇ ಉಳಿಸಿಕೊಂಡು ಮನೆಗೆ ಬಂದರು.

ಕಾರ್ತಿಕದ ಹೊತ್ತಿಗೆ ಇವರು ಕೋಲು ಹಿಡಿದು, ಇನ್ನೊಂದು ಕಡೆ ನನ್ನನ್ನು ಹಿಡಿದು, ಲಿಫ್ಟಿನವರೆಗೆ ನಡೆಯುವಂತಾದರು. ಬೀಜದ ಗಂಟು ನೆನಪಾಯಿತು. ತಾರಸಿಯ ಮೇಲೆ ಹಾಕೋಣವೇ ಎಂದು ಕೇಳಿದೆ. ಆಯ್ತು. ಬಾಲ್ಕನಿಯಲ್ಲಿ ಹಾಕೋಣವೇ ಎಂದು ಕೇಳಿದೆ. ಆಯ್ತು. ಕೊನೆಗೆ ಇವರ ಕಡೆಯ ವಾದವನ್ನೂ ನಾನೇ ಮಾಡಿ, ನಾನೇ ಸೋತು, ತಾರಸಿಯನ್ನೇ ಗೊತ್ತುಮಾಡಿದೆ. ಮರ್ಯಾದೆಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿಬಿಡೋಣವೆಂದು, ‘ನಾಳೆ ಬೆಳಿಗ್ಗೆ ನಾವು ತಾರಸಿಯ ಮೇಲೆ ಗಲಾಟೆ ಹಾಕುತ್ತೇವೆ, ಯಾರಿಗೂ ತೊಂದರೆಯಾಗುವುದಿಲ್ಲ’ ಎಂದು ಬರೆದೆ. ಮರುದಿನ ನಾವು ಮೇಲೆ ಹೋಗುವಷ್ಟರಲ್ಲಿ ಸೆಕ್ರೆಟರಿ ಮೂರ್ತಿಯವರು ಇಬ್ಬರು ಕಮಿಟಿ ಸದಸ್ಯರ ಜೊತೆ ಅಲ್ಲಿ ನಿಂತಿದ್ದರು. ನೀರಿನ ಟ್ಯಾಂಕ್, ಪಾರ್ಕಿಂಗ್, ಲಿಫ್ಟು, ಎಲ್ಲದರಲ್ಲೂ ಇವರಿಂದ ಬೈಸಿಕೊಂಡಿದ್ದ ಪಾಪದ ಮನುಷ್ಯ. ನಾನು ಬೀಜ ತೋರಿಸಿ ಹೂವಿನ ಹೆಸರು ವಿವರಿಸಿದ ಮೇಲೆ ಅವರ ಮುಖಕ್ಕೆ ರಕ್ತ ಬಂತು.

ಗಲಾಟೆ ಬೆಳೆಯುವುದು ಏನೂ ಮಾಡದಿರುವ ವಿದ್ಯೆ. ಕೆಂಪು ಮಣ್ಣಿಗೆ ಅರ್ಧಕ್ಕರ್ಧ ಮರಳು ಸೇರಿಸಬೇಕು. ಗೊಬ್ಬರ ಹಾಕಿದರೆ ಗಿಡ ಎಲೆ ಬಿಟ್ಟುಕೊಂಡು ಕೊಬ್ಬುತ್ತದೆ, ಹೂ ಬಿಡುವುದಿಲ್ಲ. ಬೀಜವನ್ನು ಹೂಳಬಾರದು, ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು. ಮೊಳಕೆ ಬರುವವರೆಗೆ ಮಣ್ಣು ತುಸು ಹಸಿಯಾಗಿರಬೇಕು, ಸಸಿ ನಿಂತ ಮೇಲೆ ಮಣ್ಣು ಚೆನ್ನಾಗಿ ಒಣಗುವವರೆಗೂ ನೀರಿನ ಮಾತೆತ್ತಬಾರದು. ಒತ್ತುವ ಕೆಲಸವನ್ನು ಇವರ ಎಡಗೈಯಿಂದ ಮಾಡಿಸಿದೆ. ನಾನು ಮಾತ್ರ ನೀರಿನ ಆಸೆ ಬಿಡಲಾರದೆ ಒದ್ದಾಡಿದೆ. ಅಕ್ಕ ದಿನವೂ ಫೋನ್ ಮಾಡಿ, ಹಾಕಿದಿಯೇನು ಎಂದು ಕೇಳುವಳು. ಇಲ್ಲ ಎನ್ನುವೆ. ಸುಳ್ಳು ಹೇಳಬ್ಯಾಡ ಎನ್ನುವಳು. ಹಾಗೂ ಹೀಗೂ ಸಸಿಗಳು ಬದುಕಿಕೊಂಡವು. ಬೇಸಿಗೆ ಶುರುವಾಗಿ ಉಳಿದವರ ಗುಲಾಬಿಗಳು ಬಾಡುವ ಹೊತ್ತಿಗೆ ನನ್ನ ಕುಂಡಗಳಲ್ಲಿ ಮೊದಲ ಹೂವು ಅರಳಿತು. ಇವರು ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಿಸಿಲೇರುವವರೆಗೂ ಕೂತಿದ್ದರು. ನಾನು ಟೋಪಿ ತರಲು ಕೆಳಗೆ ಓಡಿದೆ.

ಮಳೆಗೆ ಮುಂಚೆ ತಾರಸಿಗೆ ವಾಟರ್‌ಪ್ರೂಫಿಂಗ್ ಆಗಬೇಕೆಂದು ಅಸೋಸಿಯೇಷನ್ ಮೀಟಿಂಗ್ ಕರೆದರು. ಇವರು ಮಾತಾಡಲಾರರು, ಆದರೂ ಪಕ್ಕದಲ್ಲಿದ್ದರೆ ನನಗೆ ಧೈರ್ಯವೆಂದು ಕರೆದುಕೊಂಡು ಹೋದೆ. ಕುಂಡಗಳನ್ನು ಒಂದು ಮೂಲೆಗೆ ಸರಿಸಿಕೊಳ್ಳುತ್ತೇವೆ, ಕೆಲಸ ಮುಗಿದ ಮೇಲೆ ಮತ್ತೆ ಇಡುತ್ತೇವೆ ಎಂದು ಹೇಳಲು ಮನೆಯಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಮೂರ್ತಿಯವರು ನನ್ನನ್ನು ನೋಡಲೇ ಇಲ್ಲ. ಹಳೆಯ ಹೆದರಿಕೆಯಿಂದಲೋ ಮರ್ಯಾದೆಯಿಂದಲೋ ನೇರವಾಗಿ ಇವರ ಕಡೆ ತಿರುಗಿ ವಿನಯದಿಂದ ಕೇಳಿದರು: “ಸಾರ್, ಕುಂಡ ಎಲ್ಲಾ ಪರ್ಮನೆಂಟಾಗಿ ಇಳಿಸ್ಬಿಡೋಣ್ವಾ?”

“ಆಯ್ತು” ಎಂದರು ಇವರು.

ಸಭೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ವೀರಭದ್ರಪ್ಪನವರು ಒಪ್ಪಿದರು ಎಂಬುದು ಅವರಿಗೆ ಮಳೆ ಬಂದಷ್ಟೇ ದೊಡ್ಡ ಸುದ್ದಿ. ನಾನು ಇವರನ್ನು ನೋಡಿದೆ. ಕುತ್ತಿಗೆಯ ನರ ಉಬ್ಬಿತ್ತು. ಎಡಗೈಯಿಂದ ತೊಡೆಯನ್ನು ಗುದ್ದಿಕೊಳ್ಳುತ್ತ ಆಯ್ತು, ಆಯ್ತು, ಆಯ್ತು ಎಂದು ಹೇಳುತ್ತಲೇ ಇದ್ದರು. ಇವರು ಜಗಳವಾಡುತ್ತಿದ್ದರು. ಪ್ರೆಸ್ ಶಾಪಿನ ಸದ್ದನ್ನು ಮೀರಿಸುತ್ತಿದ್ದ ಅದೇ ಜಗಳ. ಅಲ್ಲಿದ್ದವರಿಗೆ ಮಾತ್ರ ವಯಸ್ಸಾದ ಮನುಷ್ಯರೊಬ್ಬರು ಸಂತೋಷದಿಂದ ಒಪ್ಪಿಕೊಳ್ಳುತ್ತಿರುವಂತೆ ಕಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಅವರು ಒಪ್ಪಿಲ್ಲ, ಬೇಡ ಅಂತ ಹೇಳುತ್ತಿದ್ದಾರೆ ಎಂದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಟೆನ್ಷನ್ ತಗೋಬೇಡಿ ಮೇಡಂ ಎಂದು ಮೂರ್ತಿಯವರು ಸಮಾಧಾನ ಹೇಳಿದರು.

ಲಿಫ್ಟಿನಲ್ಲಿ ನನಗೆ ತಡೆಯಲಾಗಲಿಲ್ಲ. “ಅಲ್ರೀ, ಒಂದ್ಸಲ ಸುಮ್ನೆ ಕೂತಿದ್ರೆ ಆಗ್ತಿರ್ಲಿಲ್ವಾ?” ಎಂದುಬಿಟ್ಟೆ. ಇವರು ಏನೋ ಹೇಳಲು ಬಾಯಿ ತೆರೆದರು. ಬರುವುದು ಯಾವ ಪದವೆಂದು ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿ ಮುಚ್ಚಿಕೊಂಡರು. ಕಣ್ಣಿಂದ ನೀರು ಇಳಿಯಿತು. ಎಡಗೈಯಲ್ಲಿ ಕೋಲು ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ನಾನು ಸೆರಗಿನಿಂದ ಒರೆಸಿದೆ. ನಮ್ಮ ಮಹಡಿ ಬಂದು ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು. ನಾವಿಬ್ಬರೂ ತಾರಸಿಯವರೆಗೂ ಹೋಗಿ ವಾಪಸು ಬಂದೆವು.

ಅದೇ ವಾರ ಕೆಂಪಣ್ಣನವರು ಇವರನ್ನು ನೋಡಲು ಬಂದರು. ಇವರ ಪ್ರೆಸ್ ಶಾಪು ಇರುವ ಶೆಡ್ಡಿನ ಮಾಲೀಕರು ಅವರು. ಪೀಣ್ಯದಲ್ಲಿ ಕಾರ್ಖಾನೆಗಳು ಏಳುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವರು. ಶೆಡ್ಡಿನ ಪಕ್ಕದಲ್ಲೇ ಮನೆ. ಇವರ ಖಾಯಂ ವೈರಿ ಯಾರಾದರೂ ಇದ್ದರೆ ಅದು ಕೆಂಪಣ್ಣನವರೇ. ಚರಂಡಿ ಯಾರು ಬಳಿಯಬೇಕು, ಬೋರ್‌ವೆಲ್ ಯಾವಾಗ ಹಾಕಬೇಕು ಎಂದು ಇಬ್ಬರೂ ಪ್ರತಿದಿನ ಗೇಟಿನಲ್ಲಿ ನಿಂತು ಕೂಗಾಡುತ್ತಿದ್ದರು. ಎಲ್ಲಕ್ಕಿಂತ ಹಳೆಯದು ಆ ಗೇಟಿನದೇ ಜಗಳ. ಕಂಪನಿಯ ಲಾರಿ ತಾಗಿ ಗೇಟು ಡೊಂಕಾಯಿತೆಂದು ಅವರು, ನಿಮ್ಮ ಗೇಟು ಹುಟ್ಟುವಾಗಲೇ ಡೊಂಕು ಎಂದು ಇವರು. ಗೇಟಿನ ಬಣ್ಣ ಎಷ್ಟೋ ಸಲ ಬದಲಾಗಿತ್ತು, ವಾದ ಬದಲಾಗಿರಲಿಲ್ಲ.

ಕೆಂಪಣ್ಣನವರು ಬಾಳೆಹಣ್ಣಿನ ಚಿಪ್ಪು ಮೇಜಿನ ಮೇಲಿಟ್ಟು, ಇವರೆದುರು ಕುರ್ಚಿ ಎಳೆದುಕೊಂಡು ಕೂತರು. ಹೇಗಿದ್ದೀರಿ ಎಂದು ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಬೇಕೆಂದೇ ಜೋರಾಗಿ, “ವೀರಬದ್ರಪ್ನೋರೆ, ನಮ್ ಗೇಟ್ ಡೊಂಕಾಗಿದ್ದು ನಿಮ್ ಲಾರಿಯಿಂದ್ಲೇ. ಇವತ್ ಒಪ್ಕಳ್ಳೇಬೇಕು” ಎಂದರು. ಹೀಗೆ ಕೆಣಕಿದರೆ ಮಾತು ಹೊರಗೆ ಬಂದೀತೆಂದು ಅವರಿಗೆ ಆಸೆ. ನನಗೂ ಒಂದು ಕ್ಷಣ ಆಸೆಯಾಯಿತು. ಇವರು ಅವರ ಮುಖವನ್ನು ಬಹಳ ಹೊತ್ತು ನೋಡಿದರು.

“ಆಯ್ತು” ಎಂದರು.

ಕೆಂಪಣ್ಣನವರು ಎದ್ದು ಬಾಲ್ಕನಿಗೆ ಹೋಗಿ, ಬೆನ್ನು ತಿರುಗಿಸಿ ನಿಂತುಕೊಂಡರು. ನಾನು ಕಾಫಿ ಹಿಡಿದು ಹೋದಾಗ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. “ಇಂಗ್ ಗೆಲ್ಲಾಕೆ ನಾನ್ ಬಂದಿರ್ಲಿಲ್ಲ ಕಣಮ್ಮ” ಎಂದರು. ಕಾಫಿ ಕುಡಿದ ಮೇಲೆ, ತಾರಸಿಯಿಂದ ಇಳಿಸಿ ಬಾಲ್ಕನಿಯ ತುಂಬ ಒತ್ತಿಟ್ಟಿದ್ದ ಕುಂಡಗಳನ್ನು ನೋಡಿ ಇದೇನೆಂದು ಕೇಳಿದರು. ನಾನು ಮೀಟಿಂಗಿನ ಕತೆಯೆಲ್ಲ ಹೇಳಿದೆ. ನಮ್ಮ ಶೆಡ್ಡಿನ ಪಕ್ಕ, ಗೋಡೆಗುಂಟ, ಒಂದು ಪಟ್ಟಿ ಜಾಗ ಹಾಳು ಬಿದ್ದಿದೆ, ಬರೀ ಕಲ್ಲು, ಕಬ್ಬಿಣದ ಚೂರು, ಹುಲ್ಲೂ ಹುಟ್ಟುವುದಿಲ್ಲ, ನಡೆಯುತ್ತದೆಯೇ ಎಂದರು. ಅಕ್ಕನಿಗೆ ಫೋನ್ ಮಾಡಿದೆ. ಅದಕ ಅಂಥಾ ಜಾಗಾನ ಬೇಕು ಎಂದಳು.

ಹೀಗೆ ನಮ್ಮ ಗಲಾಟೆ ಪೀಣ್ಯಕ್ಕೆ ಹೋಯಿತು. ನಡುಬೇಸಿಗೆಯಲ್ಲಿ ಕಿತ್ತು ನೆಟ್ಟದ್ದಕ್ಕೆ ಕೆಲವು ಗಿಡ ಸತ್ತವು. ಉಳಿದವು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ನೆಟ್ಟಗಾದವು. ಪ್ರತಿದಿನ ಬೆಳಿಗ್ಗೆ ಆಟೋದಲ್ಲಿ ಇವರನ್ನು ಕರೆದುಕೊಂಡು ಹೋಗುತ್ತಿದ್ದೆ. ಗೋಡೆಯ ಆಚೆ ಪ್ರೆಸ್ಸುಗಳು ತಗಡು ಬಡಿಯುವ ಸದ್ದು. ಆ ಸದ್ದಿಗೆ ನನಗೆ ತಲೆನೋವು, ಇವರಿಗೆ ಮುಖದಲ್ಲಿ ಕಳೆ. ಒಳಗಿನವರು ಬಿಡುವಿನಲ್ಲಿ ಬಂದು ಸಾರ್, ಸಾರ್ ಎಂದು ಮಾತಾಡಿಸಿ ಹೋಗುವರು. ಈ ಗಿಡಕ್ಕೆ ಬಾಡಿದ ಹೂವನ್ನು ಕಿತ್ತು ಹಾಕುತ್ತಿರಬೇಕು. ಬಿಟ್ಟರೆ ಎಸಳು ಉದುರಿ, ಮುಳ್ಳುಚೆಂಡಿನಂಥ ಬೀಜದ ಗುಂಡು ಕಟ್ಟಿಕೊಂಡು, ಹೊಸ ಹೂ ಬಿಡುವುದನ್ನೇ ಗಿಡ ಕಡಿಮೆ ಮಾಡುತ್ತದೆ. ಆ ಕೆಲಸ ಇವರ ಎಡಗೈಯದು. ಒಂದು ಹೂವು ಕೀಳಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ನಾನು ಒಂದು ಸೊಪ್ಪಿನ ಕಟ್ಟು ಸೋಸಿಬಿಡುತ್ತಿದ್ದೆ. ನಾನೇ ಕಿತ್ತುಬಿಡೋಣವೆಂದು ಕೈ ಚಾಚಿದರೆ ಮೊಣಕೈಯಿಂದ ತಳ್ಳುತ್ತಿದ್ದರು. ಒಂದು ದಿನ ನಾನು ಬಿಸಿಲು ನೋಡಿ ಮರುಕದಿಂದ ಎರಡನೇ ಬಾರಿಗೆ ನೀರಿನ ಮಗ್ಗು ಎತ್ತಿದೆ. ಇವರು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದು “ಆಯ್ತು” ಎಂದರು. ಸಾಕು, ಮುಗಿಯಿತು, ನಿಲ್ಲಿಸು ಎಂದು. ಅಷ್ಟು ತಿಂಗಳಲ್ಲಿ ಆ ಪದ ತನ್ನ ಸರಿಯಾದ ಜಾಗದಲ್ಲಿ ಬಂದು ಕೂತದ್ದು ಅದೊಂದೇ ಸಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಇವರ ನಗು ಅರ್ಧ ಮುಖದಲ್ಲೇ ಬರುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಆಯುಧಪೂಜೆಗೆ ಆ ಪಟ್ಟಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೂವು. ಕೆಂಪಣ್ಣನವರ ಮನೆಯ ಹೆಂಗಸರೂ ನಾನೂ ಕೂತು ಮಾಲೆ ಕಟ್ಟಿದೆವು. ಪ್ರೆಸ್ಸುಗಳಿಗೆಲ್ಲ ಗಲಾಟೆ ಹೂವಿನ ಮಾಲೆ. ದೊಡ್ಡ ಪ್ರೆಸ್ಸಿಗೆ ಇವರ ಕೈಯಿಂದಲೇ ಹಾಕಿಸಿದರು. ಕೆಂಪಣ್ಣನವರು ಒಂದು ಮಾಲೆಯನ್ನು ಡೊಂಕು ಗೇಟಿಗೂ ಹಾಕಿ, ಇವರ ಕಡೆ ನೋಡಿ, ಏನನ್ನೂ ಕೇಳದೆ ಒಳಗೆ ಹೋದರು.

ಚಳಿ ಶುರುವಾದಾಗ ಇವರಿಗೆ ಇನ್ನೊಮ್ಮೆ ಲಕ್ವ ಹೊಡೆಯಿತು. ಈ ಸಲ ಆಸ್ಪತ್ರೆಯಲ್ಲಿ ಬಹಳ ದಿನ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಕೈ ಹಿಡಿದುಕೊಂಡು ಅಕ್ಕನ ಮನೆಯ ಸುದ್ದಿ ಹೇಳುತ್ತಿದ್ದೆ. ಹೇಳುತ್ತಲೇ ಇದ್ದೆ. ನರ್ಸ್ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಾಗ ಗೊತ್ತಾಯಿತು. ಮನೆಗೆ ತಂದು ವಿಭೂತಿ ಹಚ್ಚಿ ಕೂರಿಸಿದ ಹೊತ್ತಿಗೆ ಕೆಂಪಣ್ಣನವರು ಒಂದು ಬುಟ್ಟಿ ಹೊತ್ತು ಬಂದರು. ಆ ಪಟ್ಟಿಯಲ್ಲಿದ್ದ ಹೂವನ್ನೆಲ್ಲ, ಅರಳಿದ್ದು ಬಾಡಿದ್ದು ಎನ್ನದೆ, ಒಂದು ಮೊಗ್ಗೂ ಬಿಡದೆ ಕಿತ್ತು ತಂದಿದ್ದರು. ಇವರ ಮಡಿಲ ತುಂಬ ಸುರಿದರು. ಇದನ್ನು ದೇವರಿಗೆ ಏರಿಸುತ್ತಾರೋ ಇಲ್ಲವೋ ಎಂದು ಯಾರೋ ನೆಂಟರು ಸಣ್ಣದಾಗಿ ತಕರಾರು ತೆಗೆದರು. ಅದಕ್ಕೆ ಉತ್ತರ ಕೊಡುವವರು ಮಾತಾಡದೆ ಕೂತಿದ್ದರು.

ಶಿವಗಣಾರಾಧನೆಯ ದಿನ ಅಪಾರ್ಟ್‌ಮೆಂಟಿನವರೆಲ್ಲ ಊಟಕ್ಕೆ ಬಂದರು. ಅವರಲ್ಲಿ ಅರ್ಧ ಜನ ಹೊಸ ಬಾಡಿಗೆದಾರರು, ಇವರನ್ನು ಕಾಯಿಲೆಯಾದ ಮೇಲೆ ಮಾತ್ರ ಕಂಡವರು. ಹುಗ್ಗಿ ಬಡಿಸುತ್ತಿದ್ದ ನನಗೆ ಸಾಲಿನುದ್ದಕ್ಕೂ ಒಂದೇ ಮಾತು ಕೇಳಿಸಿತು. ಎಂಥಾ ಶಾಂತ ಮನುಷ್ಯ. ಯಾರಿಗೂ ಎದುರಾಡಿದವರಲ್ಲ. ಏನು ಕೇಳಿದರೂ ಆಯ್ತು ಎನ್ನುತ್ತಿದ್ದರು, ದೇವರಂಥವರು. ಮೂರ್ತಿಯವರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಈ ಜನ ಯಾರ ತಿಥಿ ಊಟ ಮಾಡುತ್ತಿದ್ದಾರೆ? ನನ್ನ ಗಂಡನದಂತೂ ಅಲ್ಲ. ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದೆ: “ನಮ್ಮನೆಯವ್ರು ಶಾಂತವಾಗಿರ್ಲಿಲ್ಲ. ಜಗಳಗಂಟ್ರು. ನನ್ನ ಒಂದಿನಾನೂ ಸುಮ್ನೆ ಬಿಟ್ಟೋರಲ್ಲ.”

ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಪರದೆಯ ಬಣ್ಣಕ್ಕೆ ಎಷ್ಟು ಕಾಲ ಕಾಡಿದರು, ನನ್ನ ಅಣ್ಣನ ಮದುವೆಯಲ್ಲಿ ಸಾರಿನ ಉಪ್ಪಿಗೆ ಅಡುಗೆಯವರ ಜೊತೆ ಹೇಗೆ ಕೂಗಾಡಿದರು, ಆಸ್ಪತ್ರೆ ಕಾಣುವ ದಿನದ ಬೆಳಿಗ್ಗೆಯೂ ಹೇಗೆ ವಾದಕ್ಕೆ ಬಂದರು, ಎಲ್ಲ ಹೇಳಿದೆ. ಕೆಂಪಣ್ಣನವರೂ ಊಟ ಬಿಟ್ಟು, ಗೇಟಿನ ಕತೆಯಿಂದ ಹಿಡಿದು ಚರಂಡಿಯ ಕತೆಯವರೆಗೆ ಸಾಕ್ಷಿ ನುಡಿದರು. ಹೇಳುತ್ತ ಹೇಳುತ್ತ ಇಬ್ಬರಿಗೂ ನಗು, ಇಬ್ಬರಿಗೂ ಕಣ್ಣೀರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಇವರ ದನಿ ಕೇಳಿದಂತಾಯಿತು. ಸಾಲಿನಲ್ಲಿದ್ದವರು ಮಾತ್ರ ತಲೆ ತಗ್ಗಿಸಿ ಎಲೆ ನೋಡುತ್ತಿದ್ದರು.

ಕೈ ತೊಳೆದುಕೊಂಡು ಹೊರಡುವಾಗ, ಎರಡನೇ ಮಹಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ಆಂಟಿ, ಎಷ್ಟೇ ಕಷ್ಟ ಕೊಟ್ಟಿರ್ಲಿ, ಪಾಪ, ಹೋಗ್ಬಿಟ್ಟಿದ್ದಾರೆ. ಇನ್ನಾದ್ರೂ ಅವ್ರನ್ನ ಕ್ಷಮಿಸ್ಬಿಡಿ.”

ನಾನು ಬಾಯಿ ತೆರೆದೆ. ನನಗೂ ಮಾತು ಬರಲಿಲ್ಲ. ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇವರು ದೇವರಂಥ ಗಂಡ, ನಾನು ಅಂಥ ಸಾಧುವನ್ನು ಸತ್ತ ಮೇಲೂ ಬಿಡದ ಹೆಂಗಸು. ಲಿಫ್ಟಿನಲ್ಲಿ ನಾನಿದ್ದರೆ ಜನ ಮೆಟ್ಟಿಲು ಹತ್ತಿ ಹೋಗುತ್ತಾರೆ. ಜೀವಮಾನವಿಡೀ ಗಂಟಲು ಹರಿದುಕೊಂಡು ಇವರು ಸಂಪಾದಿಸಿದ ಹೆಸರು ಒಂದೇ ಮಧ್ಯಾಹ್ನದಲ್ಲಿ ಪೂರ್ತಿಯಾಗಿ ನನ್ನ ಪಾಲಿಗೆ ಬಂತು. ಇದಕ್ಕೂ ಇವರು ತಕರಾರು ತೆಗೆಯುತ್ತಿದ್ದರು.